ಡೆಡ್‌ಲಿಫ್ಟ್ (ನೆಲದಿಂದ ಭಾರದ ಕಬ್ಬಿಣದ ಬಾರ್ ಎತ್ತೋ ವ್ಯಾಯಾಮ) ಮಾಡಿದ ಮರುದಿನ ಸೊಂಟ ಹಿಡ್ಕೊಳ್ಳುತ್ತೆ, ಭಂಗಿ ಸರಿಮಾಡ್ಕೊಳ್ಳೋದು ಹೇಗೆ?

'ಬೆನ್ನು ನೆಟ್ಟಗೆ ಇಟ್ಕೊಂಡೇ ಎತ್ತುತ್ತೀನಿ, ಆದ್ರೂ ನೋವು' ಅಂತ ಬರೆದಿದ್ದೀರಿ. ನಾನೂ ಹಾಗೇ ಅಂದ್ಕೊಂಡಿದ್ದೆ. 20 ಲೀಟರ್ ನೀರಿನ ಕ್ಯಾನ್ ಎತ್ತೋಕೆ ಹೋಗಿ ಸೊಂಟ ಹಿಡ್ಕೊಂಡ್ಮೇಲೆ ಫಿಸಿಯೋಥೆರಪಿಸ್ಟ್ ಹತ್ರ ಹೋದೆ. ನೆಲದ ಮೇಲಿದ್ದ ಪೆನ್ನು ಎತ್ತಿ ಅಂದ್ರು, ನನ್ನ ಫೋನಲ್ಲೇ ವಿಡಿಯೋ ಮಾಡಿದ್ರು. ನೋಡಿದ್ರೆ ಬೆನ್ನು ಕೊಡೆ ಹಿಡಿ ಥರ ಬಾಗಿದೆ, ತೊಡೆ ಸೇರೋ ಕೀಲು ಮಾತ್ರ ಅಲ್ಲಾಡಿಲ್ಲ!

ಹಾಗಾಗಿ ಮೊದಲು ನಿಮ್ಮದೊಂದು ವಿಡಿಯೋ ಪಕ್ಕದಿಂದ ತೆಗೆಸಿ. ಆಮೇಲೆ ನೆಲ ಒರೆಸೋ ಕೋಲನ್ನ ಬೆನ್ನಿಗೆ ಉದ್ದಕ್ಕೆ ಹಿಡ್ಕೊಳ್ಳಿ, ಒಂದು ಕೈ ಕುತ್ತಿಗೆ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಕೋಲು ತಲೆಯ ಹಿಂಭಾಗ, ಭುಜದ ಹಿಂದಿನ ಎರಡು ರೆಕ್ಕೆ ಮೂಳೆಗಳ ಮಧ್ಯೆ, ಬೆನ್ನಿನ ಬುಡ ಮೂರಕ್ಕೂ ತಾಗಿರಬೇಕು. ಗೋಡೆಗೆ ಬೆನ್ನು ಮಾಡಿ, ಒಂದು ಗೇಣು ಮುಂದೆ ನಿಂತು, ಮಂಡಿ ಸ್ವಲ್ಪ ಸಡಿಲ ಬಿಟ್ಟು, ಕುಂಡೆಯಿಂದ ಗೋಡೆ ಮುಟ್ಟಿ. ಎರಡೂ ಕೈಲಿ ಸಾಮಾನು ಇದ್ದಾಗ ಬೀರು ಬಾಗಿಲನ್ನ ಹಿಂದಿನಿಂದ ತಳ್ಳಿ ಮುಚ್ಚಲ್ವಾ, ಅದೇ. ತೊಡೆಯ ಹಿಂಭಾಗ ಎಳೆದ್ರೆ ಸರಿಯಾಗಿದೆ. ಕೋಲು ಎಲ್ಲಾದ್ರೂ ಬಿಟ್ಟುಕೊಂಡ್ರೆ ನಿಮ್ಮ ಮಿತಿ ಸದ್ಯಕ್ಕೆ ಅಲ್ಲಿಗೇ. ಅಭ್ಯಾಸ ಆದ ಹಾಗೆ ಗೋಡೆಯಿಂದ ಒಂದೊಂದು ಇಂಚು ದೂರ ಸರೀರಿ.

ನಮ್ಮಮ್ಮ ಬಾಗಿಲಿಗೆ ರಂಗೋಲಿ ಹಾಕೋದನ್ನ ಮೂವತ್ತು ವರ್ಷ ನೋಡಿದ್ದೆ, ಆದ್ರೆ ಹೇಗೆ ಬಗ್ತಾರೆ ಅಂತ ಗಮನಿಸಿದ್ದು ಆಮೇಲೇ. ಬೆನ್ನು ಹಲಗೆ ಥರ ಚಪ್ಪಟೆ, ಮಡಚೋದೆಲ್ಲ ತೊಡೆಯ ಬುಡದಲ್ಲಿ. ಅದಕ್ಕೇ ಅವರಿಗೆ ಸೊಂಟ ನೋವೇ ಇಲ್ಲ ಅಂತಲ್ಲ, ಹಬ್ಬದ ದಿನ ದೊಡ್ಡ ರಂಗೋಲಿ ಮುಗಿಸಿ ಅವರೂ ಅಮೃತಾಂಜನ್ ಹುಡುಕ್ತಾರೆ.

ಭುಜ ಹಿಂದಕ್ಕೆಳೆಯೋ ಬೆಲ್ಟಿಗೆ ದುಡ್ಡು ಹಾಕ್ಬೇಡಿ. ನಾನು ತಗೊಂಡಿದ್ದು ಬೀರು ಸೇರಿದೆ. ಇಡೀ ದಿನ ಕೂತಿರೋಕೆ ಒಂದೇ 'ಸರಿಯಾದ' ಭಂಗಿ ಅಂತ ಯಾವುದೂ ಇಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿದ್ರೆ ಅದೇ ಹೆಚ್ಚು. ಬೆಳಗ್ಗೆ ಎದ್ದ ಕೂಡಲೇ ಭಾರ ಎತ್ಬೇಡಿ. ರಾತ್ರಿ ಮಲಗಿದಾಗ ಬೆನ್ನಿನ ಮೂಳೆಗಳ ಮಧ್ಯೆ ಇರೋ ಮೆತ್ತೆಯಂಥ ಡಿಸ್ಕ್‌ಗಳು ನೀರು ಹೀರಿ ಉಬ್ಬಿರ್ತವೆ (ಬೆಳಗ್ಗೆ ನಾವು ಒಂದು ಸೆಂಟಿಮೀಟರಿನಷ್ಟು ಉದ್ದ ಇರೋದೂ ಇದಕ್ಕೇ), ಆಗ ಬಗ್ಗಿದ್ರೆ ಅವುಗಳ ಮೇಲೆ ಒತ್ತಡ ಜಾಸ್ತಿ.

ಜಿಮ್‌ಗೆ ವಾಪಸ್ ಹೋದಾಗ ಖಾಲಿ ಬಾರ್‌ನಿಂದ ಶುರು ಮಾಡಿ, ತೂಕದ ಬಿಲ್ಲೆ ಹಾಕದಿದ್ರೂ ಅದೊಂದೇ ಸಾಮಾನ್ಯವಾಗಿ 20 ಕೆಜಿ ಇರುತ್ತೆ. ನೆಲದಿಂದ ಎತ್ತೋ ಬದಲು ಮಂಡಿ ಎತ್ತರಕ್ಕೆ ಏನಾದ್ರೂ ಇಟ್ಟು ಅದರ ಮೇಲಿಂದ ಎತ್ತಿ. ನನಗೆ ನೆಲ ಮುಟ್ಟೋಕೆ ನಾಲ್ಕು ತಿಂಗಳು ಹಿಡೀತು. ಪಕ್ಕದವನು 100 ಕೆಜಿ ಎತ್ತುವಾಗ ಖಾಲಿ ಬಾರ್ ಹಿಡಿಯೋಕೆ ನಾಚಿಕೆ ಆಗೋದು ನಿಜ.

ಒಂದು ಮಾತ್ರ, ನೋವು ಕಾಲಿಗೆ ಇಳಿದು ಜೋಮು ಬಂದ್ರೆ ಇದ್ಯಾವುದನ್ನೂ ಮಾಡದೆ ಡಾಕ್ಟರ್‌ಗೆ ತೋರಿಸಿ. ಕಾಲಲ್ಲಿ ಶಕ್ತಿ ಕುಂದಿದ್ರೆ, ಮೂತ್ರ ಹಿಡಿತ ತಪ್ಪಿದ್ರೆ ಅವತ್ತೇ ಹೋಗಿ.