108 ಗಾಡಿ ಓಡಿಸೋರಿಗೆ ಕ್ವಾರ್ಟರ್ಸ್ ಇಲ್ಲ, ಮನೆಗೆ ಏನು ದಾರಿ?

ಪ್ರಶ್ನೆ: ನಮ್ಮ ಯಜಮಾನ್ರು 108 ಆಂಬ್ಯುಲೆನ್ಸ್ ಡ್ರೈವರ್ ಅದಾರ್ರಿ. ನೈಟ್ ಡ್ಯೂಟಿ ಮುಗಿಸಿ ಬಂದು ಹಗಲಿಗೆ ಮಲಗಬೇಕಂದ್ರ ಇರೋದು ಒಂದ ಖೋಲಿ, ಮಕ್ಕಳು ಹೊರಗ ಕಟ್ಟಿ ಮ್ಯಾಲೆ ಕೂತು ಓದ್ತಾವ. ಪೊಲೀಸ್ನೋರಿಗೆ, ಫೈರ್‌ನೋರಿಗೆ ಕ್ವಾರ್ಟರ್ಸ್ ಐತಿ, ನಮಗ ಯಾಕಿಲ್ರಿ? ಮನಿ ಲೋನಿಗೆ ಸಬ್ಸಿಡಿ ಸಿಗತೈತೇನು? ಊರಾಗ ಮಾವನ ಹೆಸರ್ಲೆ ಮನಿ ಐತಿ, ಅದಕ್ಕ ಸಿಗಂಗಿಲ್ಲ ಅಂತಾರ.
- ಓದುಗರು, ಹುಬ್ಬಳ್ಳಿ

ಉತ್ತರ: ನೀವು ಕೇಳಿರೋದ್ರಲ್ಲಿ ನ್ಯಾಯ ಇದೆ ತಾಯಿ. ಪೊಲೀಸರಿಗೆ ಮನೆ ಕಟ್ಟೋಕೆ ಅಂತಲೇ 1985ರಿಂದ ನಮ್ಮಲ್ಲಿ ಒಂದು ನಿಗಮ ಇದೆ, ಆದ್ರೆ 2008ರಲ್ಲಿ ಶುರುವಾದ 108ರ ಸಿಬ್ಬಂದಿ ಏಜೆನ್ಸಿ ಮೂಲಕ ಬಂದವರು, ಸರ್ಕಾರಿ ನೌಕರರು ಅಲ್ಲ, ಹಂಗಾಗಿ ಕ್ವಾರ್ಟರ್ಸ್ ಇಲ್ಲ. ಆಕ್ಸಿಡೆಂಟ್ ಆದಾಗ ಎಲ್ಲರೂ ಒಂದೇ ಜಾಗಕ್ಕೆ ಓಡಿ ಬರ್ತಾರೆ, ಮನೆ ವಿಷಯ ಬಂದಾಗ ಒಬ್ಬರನ್ನ ಹೊರಗಿಡೋದು ನಂಗಂತೂ ಸರಿ ಕಾಣಲ್ಲ.

ಸದ್ಯಕ್ಕೆ ನಿಮಗಿರೋ ದಾರಿ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರ ಬಡ್ಡಿ ಸಬ್ಸಿಡಿ. ಇದ್ರಲ್ಲಿ ಕೆಲಸ ಪರ್ಮನೆಂಟಾ ಕಾಂಟ್ರ್ಯಾಕ್ಟಾ ಅನ್ನೋದಲ್ಲ, ಮನೆಯವರೆಲ್ಲರ ವರ್ಷದ ಆದಾಯ 9 ಲಕ್ಷದೊಳಗಿರಬೇಕು, ಮನೆ ಬೆಲೆ 35 ಲಕ್ಷ, ಲೋನ್ 25 ಲಕ್ಷ ದಾಟಬಾರದು, ಮೊದಲ 8 ಲಕ್ಷಕ್ಕೆ 4% ಲೆಕ್ಕದಲ್ಲಿ ಹೆಚ್ಚಂದ್ರೆ 1.80 ಲಕ್ಷ ಸಿಗುತ್ತೆ. ಅದೂ ಒಂದೇ ಸಲ ಅಲ್ಲ, ಐದು ವರ್ಷ ಕಂತಲ್ಲಿ ಲೋನ್ ಅಕೌಂಟಿಗೇ ಜಮಾ ಆಗುತ್ತೆ, ಹಂಗಾಗಿ ಈ ದುಡ್ಡನ್ನ ಡೌನ್ ಪೇಮೆಂಟಿಗೆ ಲೆಕ್ಕ ಹಾಕ್ಕೋಬೇಡಿ, ಅದನ್ನ ನೀವೇ ಹೊಂದಿಸ್ಬೇಕು, ಇಎಂಐ ತಪ್ಪದಂಗೂ ನೋಡ್ಕೋಬೇಕು.

ಮಾವನ ಮನೆ ಬಗ್ಗೆ ಹೆದರಬೇಡಿ. ಸ್ಕೀಮಲ್ಲಿ ಕುಟುಂಬ ಅಂದ್ರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಅಷ್ಟೇ. ನಿಮ್ಮಗಳ ಹೆಸರಲ್ಲಿ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಕಳೆದ 20 ವರ್ಷದಲ್ಲಿ ಬೇರೆ ಸರ್ಕಾರಿ ವಸತಿ ಯೋಜನೆಲಿ ಮನೆ ತಗೊಂಡಿರಬಾರದು. ಆದ್ರೆ ಈಗ ಅವಸರ ಮಾಡಿ ಊರಿನ ಮನೆನ ಯಜಮಾನ್ರ ಹೆಸರಿಗೆ ಮಾಡಿಸ್ಕೊಂಡ್ರೆ ಅಲ್ಲಿಗೆ ಮುಗೀತು! ಹೊಸ ಮನೆ ನಿಮ್ಮ ಹೆಸರಲ್ಲೋ ಇಬ್ಬರ ಹೆಸರಲ್ಲೋ ಇರ್ಲಿ.

ಸ್ಯಾಲರಿ ಸ್ಲಿಪ್, ಪಿಎಫ್ ಪಾಸ್‌ಬುಕ್, ಬ್ಯಾಂಕ್ ಸ್ಟೇಟ್‌ಮೆಂಟ್, ಎಲ್ಲರ ಆಧಾರ್ ಜೋಡಿಸಿಟ್ಕೊಂಡು ಮೊದಲು ಬ್ಯಾಂಕಲ್ಲೇ ವಿಚಾರಿಸಿ, ಸಬ್ಸಿಡಿ ಮಾಡಿಸಿಕೊಡ್ತೀನಿ ಅಂತ ಕಮಿಷನ್ ಕೇಳೋರ ಹತ್ರ ಹೋಗ್ಬೇಡಿ. ಕಡಿಮೆಗೆ ಸಿಗುತ್ತೆ ಅಂತ ಇ-ಖಾತಾ (ಆಸ್ತಿಯ ಆನ್‌ಲೈನ್ ದಾಖಲೆ) ಇಲ್ಲದ ರೆವಿನ್ಯೂ ಸೈಟಿಗೆ, ಅಂದ್ರೆ ಹೊಲದ ಜಮೀನನ್ನ ಪರ್ಮಿಷನ್ ಇಲ್ದೆ ಸೈಟ್ ಮಾಡಿ ಮಾರೋದಕ್ಕೆ, ಅಡ್ವಾನ್ಸ್ ಕೊಡಲೇಬೇಡಿ, ಬ್ಯಾಂಕಿನವರು ಲೋನೇ ಕೊಡಲ್ಲ ಅಂದ್ರೆ ಸಬ್ಸಿಡಿ ಎಲ್ಲಿಂದ ಬರುತ್ತೆ?