‘ಮರುಭೂಮಿಯ ಸಕರ್ ಮೀನು’ ಲೇಖನವನ್ನು ಹಿಂದಿರುಗಿಸುತ್ತ

ಮಾನ್ಯರೇ,

ಅಮೆರಿಕದ ನೆವಾಡಾ ರಾಜ್ಯದ ಪಿರಮಿಡ್ ಸರೋವರದಲ್ಲಿ ಮಾತ್ರ ಉಳಿದಿರುವ ಕುಯಿ-ಉಯಿ ಮೀನಿನ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ತಿದ್ದಿ ಕಳುಹಿಸಿದರೆ ಖಂಡಿತ ಮತ್ತೊಮ್ಮೆ ಓದುತ್ತೇನೆ.

ನಮ್ಮಲ್ಲಿ ಸಕರ್ ಮೀನೆಂದರೆ ಅಕ್ವೇರಿಯಂ ಗಾಜಿಗೆ ಬಾಯಿಯೊತ್ತಿ ಪಾಚಿ ತಿನ್ನುವ, ದಕ್ಷಿಣ ಅಮೆರಿಕ ಮೂಲದ, ಮೈಗೆ ಗಟ್ಟಿ ಕವಚವಿರುವ ಮೀನು. ನಿಮ್ಮ ಎರಡನೆಯ ಪ್ಯಾರಾದಲ್ಲಿರುವುದು ಅದರ ವರ್ಣನೆಯೇ ಹೊರತು ಕುಯಿ-ಉಯಿಯದಲ್ಲ. ಇದಕ್ಕೂ ಸಕರ್ ಎಂಬ ಹೆಸರಿದ್ದರೂ ಇದು ಬೇರೆಯೇ ಕುಲದ್ದು, ನಮ್ಮ ಕಾಟ್ಲಾ, ರೋಹುಗಳ ದೂರದ ನೆಂಟ. ಸರೋವರದ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿಂದು ಬದುಕುತ್ತದೆ. ಆ ಪ್ಯಾರಾ ಪೂರ್ತಿ ಹೋಗಬೇಕು.

ಇದಕ್ಕಿಂತ ದೊಡ್ಡ ತೊಡಕು ಆವಾಸದ ಚಿತ್ರಣದಲ್ಲಿದೆ. ಸರೋವರದ ಬಣ್ಣಕ್ಕೂ ಬಂಡೆಗಳಿಗೂ ನಾಲ್ಕು ಪ್ಯಾರಾ ಕೊಟ್ಟ ನೀವು ಟ್ರಕೀ ನದಿಯನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಟಾಹೋ ಸರೋವರದಿಂದ ಹೊರಟು ಪಿರಮಿಡ್ ಸೇರುವ ಆ ನದಿಯ ಜಲ್ಲಿಯ ಮೇಲೆಯೇ ಈ ಮೀನು ವಸಂತದಲ್ಲಿ ಮೊಟ್ಟೆಯಿಡಬೇಕು. 1905ರಲ್ಲಿ ಡರ್ಬಿ ಅಣೆಕಟ್ಟು ಕಟ್ಟಿ ನೀರನ್ನು ಹೊಲಗಳಿಗೆ ತಿರುಗಿಸಿದ ಮೇಲೆ, 1960ರ ದಶಕದ ಹೊತ್ತಿಗೆ ಸರೋವರದ ಮಟ್ಟ ಸುಮಾರು 80 ಅಡಿ ಇಳಿದು, ನದಿಯ ಬಾಯಿಯಲ್ಲಿ ಹೂಳಿನ ದಿಬ್ಬ ಹರಡಿ, ತೆಳುವಾಗಿ ಹರಿಯುವ ನೀರಿನಲ್ಲಿ ಮೀನು ಮೇಲೇರಲಾರದಾಯಿತು. ಪಕ್ಕದ ವಿನ್ನೆಮುಕ್ಕಾ ಸರೋವರ 1930ರ ದಶಕದ ಕೊನೆಗೆ ಬತ್ತಿಯೇ ಹೋಯಿತು. ಹಾಗಿದ್ದೂ ಕುಯಿ-ಉಯಿ ಏಕೆ ಅಳಿಯಲಿಲ್ಲ? ಅದು 40 ವರ್ಷಕ್ಕೂ ಮೀರಿ ಬದುಕಬಲ್ಲದು. ಬರಗಾಲದ ವರ್ಷಗಳನ್ನು ಸರೋವರದಲ್ಲೇ ಕಳೆದು, ಹಿಮ ಹೆಚ್ಚು ಕರಗಿ ನದಿ ತುಂಬಿದ ವರ್ಷ ಮೇಲೇರಬಲ್ಲದು. ನೀವು ಆಯಸ್ಸನ್ನು ‘ಸ್ವಾರಸ್ಯಕರ ಮಾಹಿತಿ’ ಎಂಬ ಚೌಕದೊಳಗೆ ಹಾಕಿದ್ದೀರಿ. ಲೇಖನದ ಬೆನ್ನೆಲುಬೇ ಅದಲ್ಲವೇ?

‘ಸಂತಾನೋತ್ಪತ್ತಿ ವಲಸೆ’ ಎಂದು ಆರು ಕಡೆ ಬರೆದಿದ್ದೀರಿ. ಮುಂಗಾರಿನ ಮೊದಲ ನೀರಿಗೆ ಎದುರೇರುವ ಮೀನನ್ನು ಮಲೆನಾಡಿನವರು ‘ಹತ್ತುಮೀನು’ ಎನ್ನುತ್ತಾರೆ; ಒಮ್ಮೆಯಾದರೂ ಆ ಮಾತನ್ನು ಬಳಸಿದರೆ ಓದುಗನಿಗೆ ನದಿಯೇ ಕಣ್ಣಿಗೆ ಬಂದೀತು. (ಅಲ್ಲಿ ಮಳೆಯ ಬದಲು ಹಿಮ ಕರಗಿದ ನೀರು ಎಂಬುದನ್ನು ಮರೆಯದೆ ಹೇಳಿ.)

ತಮ್ಮನ್ನು ‘ಕುಯಿ-ಉಯಿ ತಿನ್ನುವವರು’ ಎಂದೇ ಕರೆದುಕೊಂಡ, ಆ ಸರೋವರದ ದಡದ ಮೂಲನಿವಾಸಿಗಳಾದ ಪಯೂಟ್ ಜನರನ್ನು ಕೊನೆಯ ಸಾಲಿಗೆ ತಳ್ಳಬೇಡಿ. ನೀರಿನ ಹಕ್ಕಿಗಾಗಿ ನ್ಯಾಯಾಲಯದಲ್ಲಿ ಹೋರಾಡಿದವರು ಅವರು. ಡರ್ಬಿಯ ಪ್ರಸಂಗದಲ್ಲೇ ಅವರು ಬರಲಿ. 1967ರಲ್ಲಿ ಮೀನು ಅಳಿವಿನಂಚಿನ ಪಟ್ಟಿಗೆ ಸೇರಿದ್ದು, 1970ರ ದಶಕದಲ್ಲಿ ನದಿಯ ಬಾಯಿಗೆ ಹತ್ತಿರದ ಮಾರ್ಬಲ್ ಬ್ಲಫ್‌ನಲ್ಲಿ ಮೀನಿಗೆಂದೇ ಕಾಲುವೆ ಮಾಡಿದ್ದು, ನದಿಯ ಮೇಲ್ಭಾಗದ ಸ್ಟ್ಯಾಂಪೀಡ್ ಜಲಾಶಯದ ನೀರನ್ನು ಮೀನುಗಳಿಗಾಗಿ ಮೀಸಲಿಟ್ಟದ್ದು, ಇವನ್ನು ಆ ಬಳಿಕ ಚಿಕ್ಕದಾಗಿ ಹೇಳಿದರೆ ಸಾಕು.

ತಿದ್ದಿದ ಪ್ರತಿಯ ಜೊತೆ ನದಿಯ ಒಂದು ನಕ್ಷೆಯನ್ನೂ ಕಳುಹಿಸಿ.

ಇಂತು,
ಸಂಪಾದಕ