ಕೈಯಲ್ಲಿ ತಿರುಗಿಸುವ ಕಾಫಿ ಗ್ರೈಂಡರ್‌ಗೆ ಯಾವ ಕೋಡ್?

ಸೋಮವಾರಪೇಟೆಯ ನಿಮ್ಮ ಅಂಗಡಿಗೆ ಹೊರದೇಶದಿಂದ ಕಾಫಿ ಗ್ರೈಂಡರ್, ಡ್ರಿಪ್ಪರ್ (ಕಾಫಿ ಸೋಸುವ ಬಟ್ಟಲು), ಸ್ಟೀಲ್ ಚಮಚ ತರಿಸ್ತಿದ್ದೀರಿ, ಕಸ್ಟಮ್ಸ್ ಏಜೆಂಟ್ ಎಲ್ಲವನ್ನೂ 'ಅಡುಗೆಮನೆ ಸಾಮಾನು' ಎಂದು ಸುಂಕದ ಪಟ್ಟಿಯ ಒಂದೇ ಕೋಡ್‌ಗೆ ಹಾಕೋಣ ಅಂದಿದ್ದಾರೆ, ಸರಿಯಾ ಎಂದು ಕೇಳಿದ್ದೀರಿ. ದಯವಿಟ್ಟು ಒಪ್ಪಬೇಡಿ. ಸುಂಕದ ಪಟ್ಟಿ ವಸ್ತು ಯಾವುದರಿಂದ ಮಾಡಿದ್ದು, ಹೇಗೆ ಕೆಲಸ ಮಾಡುತ್ತದೆ ಎಂದು ನೋಡುತ್ತದೆ.

ಚಮಚ ಸುಲಭ, 8215. ಡ್ರಿಪ್ಪರ್ ಪಿಂಗಾಣಿಯದ್ದಾದರೆ 6911, ಬೇರೆ ಸೆರಾಮಿಕ್ ಆದರೆ 6912, ಪ್ಲಾಸ್ಟಿಕ್ ಆದರೆ 3924.

ತೊಡಕಿರುವುದು ಗ್ರೈಂಡರ್‌ನಲ್ಲಿ. ಮನೆಬಳಕೆಯ ಕರೆಂಟಿನದ್ದು 8509ಕ್ಕೆ ಹೋಗುತ್ತದೆ. ಕೈಯಲ್ಲಿ ತಿರುಗಿಸುವ, 10 ಕೆಜಿ ಒಳಗಿನದ್ದಕ್ಕೆ 8210 ಇದೆ. ಆದರೆ ಸುಂಕದ ಪಟ್ಟಿಯ 82ನೇ ಅಧ್ಯಾಯದ ಮೊದಲ ಟಿಪ್ಪಣಿ ಓದಿ: ಕೆಲಸ ಮಾಡುವ ಭಾಗ ಮುಖ್ಯವಾಗಿ ಲೋಹದ್ದಾಗಿರಬೇಕು. ಕುಶಾಲನಗರದಲ್ಲಿ ನಾನೊಂದು ಸ್ಯಾಂಪಲ್ ಬಿಚ್ಚಿ ನೋಡಿದೆ. ಹೊರಗೆಲ್ಲ ಹೊಳೆಯುವ ಸ್ಟೀಲ್, ಒಳಗೆ ಬೀಜ ಅರೆಯುವ ಹಲ್ಲು ಮಾತ್ರ ಬೆಳ್ಳಗೆ, ಸೆರಾಮಿಕ್! ಅಂಥದ್ದನ್ನು ಸುಮ್ನೆ 8210 ಎಂದು ಬರೆಯುವಂತಿಲ್ಲ. ಹೊರಮೈ ಯಾವುದರಿಂದ ಆಗಿದೆ ಎಂಬುದನ್ನೂ ನೋಡಬೇಕಾಗುತ್ತದೆ. ನೀವೂ ಒಂದನ್ನು ಬಿಚ್ಚಿ, ಫೋಟೋ ತೆಗೆದು ಏಜೆಂಟ್‌ಗೆ ಕಳಿಸಿ.

ಇನ್ವಾಯ್ಸ್‌ನಲ್ಲಿ ಪ್ರತಿ ವಸ್ತುವಿನ ಹೆಸರು, ಅದು ಯಾವುದರಿಂದ ಆಗಿದೆ, ತೂಕ ಎಲ್ಲ ಬೇರೆ ಬೇರೆ ಸಾಲಿನಲ್ಲಿರಲಿ. ಹಣ ಕಳಿಸುವ ಮೊದಲೇ ಬರೆಸಿಕೊಳ್ಳಿ. ನನ್ನ ಮೊದಲ ಪೆಟ್ಟಿಗೆಗಳು ಇದೊಂದು ಇಲ್ಲದೆ ಬಂದರಿನಲ್ಲಿ ನಿಂತವು. ಮಳೆಗಾಲ ಬೇರೆ, ರಟ್ಟೆಲ್ಲ ಒದ್ದೆಯಾಗಿ ಮೆತ್ತಗಾಗಿತ್ತು. ಬಿಲ್ ಆಫ್ ಎಂಟ್ರಿಯನ್ನು (ಆಮದು ಸರಕಿಗೆ ಕಸ್ಟಮ್ಸ್‌ಗೆ ಕೊಡುವ ಘೋಷಣಾ ಪತ್ರ) ಏಜೆಂಟ್ ತುಂಬಿದರೂ ಅದು ನಿಮ್ಮ ಹೆಸರಲ್ಲೇ ಇರುತ್ತದೆ ಅಲ್ವಾ, ಹಾಗಾಗಿ ಸಲ್ಲಿಸುವ ಮೊದಲು ಕರಡು ತರಿಸಿ ಒಂದೊಂದೇ ಸಾಲು ಓದಿ. ಗ್ರೈಂಡರ್ ಹಲ್ಲಿನ ಫೋಟೋ ಇಲ್ಲಿ ಹಾಕಿದರೆ ನಾನೂ ನೋಡಿ ಹೇಳ್ತೀನಿ.